ಹಿಮ್ಮಡಿಯ ಮುಲಾಮು ಮೂರನೆಯ ಪಟ್ಟಿಗೆ ಸೇರಿದ್ದು

ನನ್ನ ಸೋದರಮಾವನ ಮನೆಯಲ್ಲಿ ಸಕ್ಕರೆ ಎರಡನೆಯ ಪಟ್ಟಿಯಲ್ಲಿತ್ತು, ಕತ್ತರಿ ಮೂರನೆಯ ಪಟ್ಟಿಯಲ್ಲಿತ್ತು. ಕುಡಿಯುವ ನೀರು, ಬಾಚಣಿಗೆ, ಹಳೆಯ ಪತ್ರಿಕೆ ಇಂಥವು ಮಾತ್ರ ಮೊದಲನೆಯದರಲ್ಲಿದ್ದವು. ಯಾರು ಬೇಕಾದರೂ ಯಾರನ್ನೂ ಕೇಳದೆ ತೆಗೆದುಕೊಳ್ಳಬಹುದಿತ್ತು. ಎರಡನೆಯ ಪಟ್ಟಿಯ ಸಾಮಾನು ಬೇಕಾದರೆ ದೊಡ್ಡವರೊಬ್ಬರು ಎದುರಿಗೆ ನಿಂತು, ಮೂರು ಪ್ರಶ್ನೆ ಕೇಳಿ, ತಮ್ಮ ಕೈಯಿಂದಲೇ ಕೊಡಬೇಕು. ಮೂರನೆಯದಕ್ಕೆ ಚೀಟಿ ಬೇಕು. ಕತ್ತರಿ ಅತ್ತೆಯದು, ಹಾಗಾಗಿ ಅದಕ್ಕೆ ಚೀಟಿ ಬರೆಯುವ ಅಧಿಕಾರವೂ ಅತ್ತೆಯದೇ.

ಒಂಬತ್ತನೆಯ ವಯಸ್ಸಿನಲ್ಲಿ ನಾನೊಮ್ಮೆ ಅತ್ತೆಯ ಸಹಿಯನ್ನು ನಾನೇ ಹಾಕಿ ಕತ್ತರಿಗೆ ಚೀಟಿ ಬರೆದುಕೊಂಡು ಹೋದೆ. ಮಾವ ಕನ್ನಡಕ ಏರಿಸಿ ಅದನ್ನು ಎರಡು ಸಲ ಓದಿದರು. "ದಿನಾಂಕ ಹಾಕಿಲ್ಲ. ದಿನಾಂಕ ಇಲ್ಲದ ಚೀಟಿ ನಡೆಯಲ್ಲ, ಸರಿಮಾಡಿಸ್ಕೊಂಡು ಬಾ" ಎಂದು ವಾಪಸು ಕೊಟ್ಟರು. ಸಹಿ ಖೋಟಾ ಎಂಬುದು ಅವರ ತಲೆಗೆ ಹೊಳೆಯಲೇ ಇಲ್ಲ. ನಾನು ದಿನಾಂಕ ಹಾಕಿಕೊಂಡು ಹೋಗಿ ಕತ್ತರಿ ತಂದೆ.

ಅಪ್ಪ ಅಮ್ಮನಿಗೆ ಮೇಲಿಂದ ಮೇಲೆ ವರ್ಗವಾಗುತ್ತಿದ್ದುದರಿಂದ ಎಂಟರಿಂದ ಹದಿನಾಲ್ಕರವರೆಗೆ ನಾನು ಬೆಳೆದದ್ದು ಆ ಮನೆಯಲ್ಲೇ. ಮಾವ ಅತ್ತೆಗೆ ಮಕ್ಕಳಿರಲಿಲ್ಲ, ಆದ್ದರಿಂದ ಆ ಮೂರು ಪಟ್ಟಿಗಳ ಪೂರ್ತಿ ಪೆಟ್ಟು ಬಿದ್ದದ್ದು ನನಗೆ. ಮಾವ ಜಿಪುಣರು ಎಂದು ಯಾರೂ ತಿಳಿಯಬೇಕಾಗಿಲ್ಲ. ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಟ್ಟರೆ ಡಬ್ಬಿಯನ್ನೇ ಕೈಗಿಡುತ್ತಿದ್ದರು. ಆದರೆ ಸಕ್ಕರೆ ಯಾರಿಗೆ, ಎಷ್ಟು ದಿನದಿಂದ ಬೇಕೆನಿಸುತ್ತಿದೆ, ಜೊತೆಗೆ ಬೇರೇನು ತಿಂದಿದ್ದೀಯ ಎಂಬ ಪ್ರಶ್ನೆಗೆ ಉತ್ತರ ಹೇಳುವಷ್ಟರಲ್ಲಿ ಯಾವ ಮಗುವಿಗೂ ಸಕ್ಕರೆಯ ಆಸೆ ಉಳಿದಿರುತ್ತಿರಲಿಲ್ಲ.

ಮಾವ ಸರ್ಕಾರದ ಔಷಧ ವರ್ಗೀಕರಣ ವಿಭಾಗದಲ್ಲಿ ಹಿರಿಯ ಗುಮಾಸ್ತರು. ಮೂವತ್ತೊಂದು ವರ್ಷ ಒಂದೇ ಕೋಣೆ, ಒಂದೇ ಕುರ್ಚಿ. ದೇಶದಲ್ಲಿ ಮಾರುವ ಪ್ರತಿಯೊಂದು ಔಷಧವೂ ಮೂರು ಪಟ್ಟಿಗಳಲ್ಲಿ ಒಂದಕ್ಕೆ ಸೇರಿರಬೇಕು ಎಂಬುದು ಕಾನೂನು. ಮೊದಲ ಪಟ್ಟಿಯದನ್ನು ಯಾವ ಅಂಗಡಿಯವನು ಬೇಕಾದರೂ ಸೋಪಿನ ಪಕ್ಕದಲ್ಲಿಟ್ಟು ಮಾರಬಹುದು. ಎರಡನೆಯದನ್ನು ಔಷಧಿ ಅಂಗಡಿಯಲ್ಲೇ, ಅದನ್ನು ಓದಿ ಕಲಿತವರೇ, ಮೂರು ಪ್ರಶ್ನೆ ಕೇಳಿ ಕೊಡಬೇಕು. ಮೂರನೆಯದು ಡಾಕ್ಟರ ಚೀಟಿ ಇಲ್ಲದೆ ಹೊರಗೆ ಬರುವಂತಿಲ್ಲ. ಯಾವುದು ಎಲ್ಲಿರಬೇಕೆಂದು ತೀರ್ಮಾನಿಸುವುದು ಪರಿಣತರ ಸಮಿತಿ. ಆ ತೀರ್ಮಾನವನ್ನು ಕಾಪಾಡುವುದು ಮಾವನ ಕೆಲಸ.

ಅವರ ಕೋಣೆಯನ್ನು ನಾನು ಚೆನ್ನಾಗಿ ಬಲ್ಲೆ. ಎರಡನೆಯ ಮಹಡಿ, ಮೊಗಸಾಲೆಯ ಕೊನೆ, ಪೂರ್ತಿ ತೆರೆಯದ ಒಂದು ಕಿಟಕಿ. ಗೋಡೆಗುಂಟ ಮರದ ಮೂರು ಉದ್ದನೆಯ ಪೆಟ್ಟಿಗೆ. ಒಂದೊಂದು ಔಷಧಕ್ಕೆ ಒಂದೊಂದು ಕಾರ್ಡು, ಎಲ್ಲ ಮಾವನದೇ ದುಂಡು ಅಕ್ಷರ. ಕಾರ್ಡಿನ ಮೇಲೆ ಪಟ್ಟಿಯ ಗುರುತು ಇರುತ್ತಿರಲಿಲ್ಲ. ಅದು ಯಾವ ಪೆಟ್ಟಿಗೆಯಲ್ಲಿದೆಯೋ ಅದೇ ಅದರ ಪಟ್ಟಿ. ಸಮಿತಿಯ ಆದೇಶ ಬಂದಾಗ ಮಾವ ಎದ್ದು ನಿಂತು, ಕೋಣೆಯಲ್ಲಿ ಯಾರೂ ಮಾತಾಡದಂತೆ ನೋಡಿಕೊಂಡು, ಕಾರ್ಡನ್ನು ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಸಾಗಿಸುತ್ತಿದ್ದರು. ಆ ಹೊತ್ತಿನಲ್ಲಿ ಕೆಮ್ಮಿದವರಿಗೂ ಅವರ ಕಣ್ಣೇಟು ತಪ್ಪುತ್ತಿರಲಿಲ್ಲ.

ತಮಾಷೆಯೆಂದರೆ ಮಾವನಿಗೆ ಔಷಧದ ಗಂಧವೇ ಇರಲಿಲ್ಲ. ಹುಟ್ಟಿದ ಮೇಲೆ ಒಂದು ಮಾತ್ರೆ ನುಂಗಿದವರಲ್ಲ. ನೆಂಟರ ಮನೆಗೆ ಹೋದರೆ ಯಾರಾದರೂ ಮಾತ್ರೆಯ ಹಾಳೆ ಹಿಡಿದುಕೊಂಡು ಬರುತ್ತಿದ್ದರು. "ಇದು ತಗೊಂಡ್ರೆ ಹೊಟ್ಟೆ ಉರಿಯುತ್ತಾ?" ಎಂದು ಕೇಳಿದರೆ ಮಾವ, "ಎರಡನೇ ಪಟ್ಟಿ, ನೂರಾ ಹನ್ನೆರಡು" ಎನ್ನುತ್ತಿದ್ದರು. ಕೇಳಿದವರು ಏನೋ ದೊಡ್ಡದನ್ನು ತಿಳಿದುಕೊಂಡವರಂತೆ ತಲೆಯಾಡಿಸಿ ಹೋಗುತ್ತಿದ್ದರು. ನನ್ನ ಚಿಕ್ಕಪ್ಪನೊಬ್ಬನಂತೂ ಆ ನಂಬರನ್ನು ಕೈಮೇಲೆ ಬರೆದುಕೊಂಡದ್ದನ್ನು ನಾನೇ ನೋಡಿದ್ದೇನೆ.

ಅತ್ತೆಯ ಕೆಲಸ ಬೇರೆ. ಅವರು ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುತ್ತಿದ್ದರು. ಎದೆಮಟ್ಟದ ಮೇಜು, ಸಿಮೆಂಟಿನ ನೆಲ, ದಿನಕ್ಕೆ ಏಳು ಗಂಟೆ ನಿಂತೇ ಇರಬೇಕು. ಅವರ ಎರಡೂ ಹಿಮ್ಮಡಿಗಳು ಒಡೆದುಹೋಗಿದ್ದವು. ಸಂಜೆ ಮನೆಗೆ ಬಂದವರೇ ಬಕೆಟ್ಟಿನ ಬಿಸಿನೀರಿನಲ್ಲಿ ಕಾಲಿಟ್ಟು, ಒರೆಸಿ, ಹಳದಿ ಟ್ಯೂಬಿನ ಮುಲಾಮು ಹಚ್ಚಿ, ಹಳೆಯ ಕಾಲುಚೀಲ ಏರಿಸಿಕೊಂಡು ಅಡುಗೆಮನೆಗೆ ಹೋಗುತ್ತಿದ್ದರು. ಆ ಮುಲಾಮು ಮೊದಲ ಪಟ್ಟಿಯದು. ಟ್ಯೂಬು ಮುಗಿದಾಗ ಅತ್ತೆ ಮಾವನ ಕಚೇರಿಗೆ ಫೋನು ಮಾಡುತ್ತಿದ್ದರು. ಮಾವ ಬರುವ ದಾರಿಯಲ್ಲಿ ತರುತ್ತಿದ್ದರು.

ತರುವುದನ್ನು ನೆನಪಿಟ್ಟುಕೊಳ್ಳಲು ಮಾವನದೊಂದು ಉಪಾಯವಿತ್ತು. ಬೇರೆಯವರು ಕಾಗದದ ಚೂರಿನಲ್ಲಿ ಬರೆದುಕೊಳ್ಳುತ್ತಾರೆ. ಮಾವನಿಗೆ ಕಚೇರಿಯ ಕಾಗದ ಮನೆಯ ಕೆಲಸಕ್ಕೆ ಬಳಸುವುದು ಮಹಾಪರಾಧ. ಹಾಗಾಗಿ ಅವರು ಮುಲಾಮಿನ ಕಾರ್ಡನ್ನೇ ಮೊದಲ ಪೆಟ್ಟಿಗೆಯಿಂದ ತೆಗೆದು ಮಸಿಬಾಟಲಿಗೆ ಒರಗಿಸಿ ನಿಲ್ಲಿಸುತ್ತಿದ್ದರು. ಸಂಜೆ ಏಳುವಾಗ ಕಾರ್ಡು ಕಣ್ಣಿಗೆ ಬೀಳುತ್ತಿತ್ತು, ಅದನ್ನು ಸ್ವಸ್ಥಾನದಲ್ಲಿಟ್ಟು, ಹೆಸರನ್ನು ಬಾಯಲ್ಲಿ ಹೇಳಿಕೊಳ್ಳುತ್ತಾ ಅಂಗಡಿಗೆ ನಡೆಯುತ್ತಿದ್ದರು. ಎಷ್ಟೋ ವರ್ಷ ಈ ಉಪಾಯ ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಮಾವನ ನಿವೃತ್ತಿಗೆ ಮೂರು ತಿಂಗಳಿದ್ದಾಗ ಮೂರೂ ಪಟ್ಟಿಗಳನ್ನು ಹೊಸದಾಗಿ ಅಚ್ಚು ಹಾಕಿಸುವ ಆದೇಶ ಬಂತು. ಪೆಟ್ಟಿಗೆಯ ಕಾರ್ಡುಗಳನ್ನು ನೋಡಿ ಶುದ್ಧಪ್ರತಿ ಮಾಡುವ ಕೆಲಸ ಸಹಜವಾಗಿ ಮಾವನಿಗೇ ಬಂತು. ಅವರ ಉತ್ಸಾಹ ಹೇಳತೀರದು. ಅವರ ಸೇವಾ ಪುಸ್ತಕದಲ್ಲಿ ಅಷ್ಟೂ ವರ್ಷದಲ್ಲಿ ಒಂದೇ ಒಂದು ಕೆಟ್ಟ ಟಿಪ್ಪಣಿ ಇರಲಿಲ್ಲ. ಅಂಥವರಿಗೆ ಕೆಲಸ ಬಿಡುವ ದಿನ 'ನಿಷ್ಕಳಂಕ ಸೇವೆ' ಎಂದು ಬರೆದ ಪ್ರಮಾಣಪತ್ರವನ್ನು ಗಾಜು ಹಾಕಿಸಿ ಕೊಡುತ್ತಿದ್ದರು. ಇಡೀ ಕಟ್ಟಡದಲ್ಲಿ ಈವರೆಗೆ ಅದು ಸಿಕ್ಕಿದ್ದು ಇಬ್ಬರಿಗೆ, ಅವರಲ್ಲೊಬ್ಬರು ಸೇರಿದ ನಾಲ್ಕನೆಯ ವರ್ಷವೇ ಕೆಲಸ ಬಿಟ್ಟವರು. ಮಾವ ಮನೆಯ ಹಜಾರದಲ್ಲಿ ಅದಕ್ಕಾಗಿ ಮುಂಚೆಯೇ ಮೊಳೆ ಹೊಡೆದಿಟ್ಟಿದ್ದರು. ಬಂದವರೆಲ್ಲ ಖಾಲಿ ಮೊಳೆಯನ್ನು ನೋಡಿ ಏನಿದು ಎಂದು ಕೇಳಲಿ ಎಂಬುದು ಅವರ ಆಸೆ. ಯಾರೂ ಕೇಳದಿದ್ದರೆ ಅವರೇ ಹೇಳುತ್ತಿದ್ದರು.

ಕಷ್ಟದ ಕೆಲಸವನ್ನು ಮೊದಲು ಮುಗಿಸುವುದು ಮಾವನ ಪದ್ಧತಿ. ಹಾಗಾಗಿ ಮೂರನೆಯ ಪಟ್ಟಿಯಿಂದ ಶುರುಮಾಡಿದರು. ಒಂದು ಮಧ್ಯಾಹ್ನ ಮೂರನೆಯ ಪೆಟ್ಟಿಗೆಯ ಒಂದು ಕಂತೆ ಕಾರ್ಡು ಮೇಜಿನ ಮೇಲಿಟ್ಟುಕೊಂಡು ಬರೆಯುತ್ತಿದ್ದಾಗ ಅತ್ತೆಯ ಫೋನು ಬಂತು. ಮುಲಾಮು ಮುಗಿದಿತ್ತು. ಮಾವ ಎಂದಿನಂತೆ ಕಾರ್ಡು ತೆಗೆದು ಮಸಿಬಾಟಲಿಗೆ ಒರಗಿಸಿದರು. ಅಷ್ಟರಲ್ಲಿ ವಿಭಾಗದ ನಿರ್ದೇಶಕಿ ಕರೆಯುತ್ತಿದ್ದಾರೆಂದು ಜವಾನ ಬಂದು ಹೇಳಿದ. ಮಾವ ಗಡಬಡಿಸಿ ಎದ್ದರು, ಮೇಜು ಅಲುಗಿತು, ಕಾರ್ಡು ಅಂಗಾತ ಕಂತೆಯ ಮೇಲೆ ಮಲಗಿತು.

ವಾಪಸು ಬಂದ ಮಾವ ಕಂತೆಯಲ್ಲಿದ್ದುದನ್ನೆಲ್ಲ ಚಾಚೂ ತಪ್ಪದೆ ನಕಲು ಮಾಡಿದರು. ಆಮೇಲೆ ಕಂತೆಯನ್ನು ಮೂರನೆಯ ಪೆಟ್ಟಿಗೆಯಲ್ಲಿಟ್ಟರು. ಮಸಿಬಾಟಲಿಯ ಹತ್ತಿರ ಏನೂ ಇರಲಿಲ್ಲವಾದ್ದರಿಂದ ಏನೂ ನೆನಪಾಗದೆ ಬರಿಗೈಯಲ್ಲಿ ಮನೆಗೆ ಬಂದರು. ಅತ್ತೆ ಮುಖ ಗಂಟಿಕ್ಕಿಕೊಂಡು ಅಂದು ಹಿಮ್ಮಡಿಗೆ ಅಡುಗೆಯ ಎಣ್ಣೆ ಹಚ್ಚಿದರು, ಮರುದಿನ ತಾವೇ ಮುಲಾಮು ತಂದುಕೊಂಡರು. ಕರಡಚ್ಚು ತಿದ್ದುವಾಗ ಇಬ್ಬರು ಕುಳಿತು ಒಂದೊಂದು ಹೆಸರನ್ನೂ ಪೆಟ್ಟಿಗೆಯ ಕಾರ್ಡಿನೊಂದಿಗೆ ತಾಳೆ ನೋಡಿದರು. ಮುಲಾಮಿನ ಕಾರ್ಡು ಮೂರನೆಯ ಪೆಟ್ಟಿಗೆಯಲ್ಲೇ ಇತ್ತಲ್ಲ, ಚೆನ್ನಾಗಿ ತಾಳೆಯಾಯಿತು.

ಪುಸ್ತಕ ಅಚ್ಚಾಗಿ ಬಂದಾಗ ನಿವೃತ್ತಿಗೆ ಹನ್ನೊಂದು ದಿನ ಉಳಿದಿತ್ತು. ಮಾವ ಒಂದು ಪ್ರತಿಯನ್ನು ಮನೆಗೆ ತಂದರು. ಆ ಸಂಜೆ ನಾನೂ ಅಲ್ಲಿದ್ದೆ. ಮದುವೆಯಾಗಿ ಎರಡು ಬೀದಿ ಆಚೆ ಇದ್ದರೂ ವಾರಕ್ಕೆರಡು ಸಲ ಹೋಗುತ್ತಿದ್ದೆ. ಅತ್ತೆ ಖಾಲಿ ಟ್ಯೂಬನ್ನು ತುದಿಯಿಂದ ಸುತ್ತುತ್ತಾ, "ನಾಳೆ ಇದನ್ನ ಮರೀಬೇಡಿ ಮತ್ತೆ" ಎಂದರು. ಮಾವ ಹೊಸ ಪುಸ್ತಕದಲ್ಲಿ ಅದರ ಹೊಸ ನಂಬರು ನೋಡಿ ನಮಗೆ ಹೇಳೋಣವೆಂದು ಮೊದಲ ಪಟ್ಟಿ ತೆರೆದರು. ಹಾಳೆ ಹಿಂದಕ್ಕೆ ತಿರುವಿದರು, ಮುಂದಕ್ಕೆ ತಿರುವಿದರು. ಎರಡನೆಯ ಪಟ್ಟಿ ನೋಡಿದರು. ಆಮೇಲೆ ಬೆರಳು ಒಂದು ಕಡೆ ನಿಂತುಹೋಯಿತು. ಹೃದಯದ ಮಾತ್ರೆಗೂ ಮೂರ್ಛೆರೋಗದ ಮಾತ್ರೆಗೂ ನಡುವೆ, ಮೂರನೆಯ ಪಟ್ಟಿ, ಇನ್ನೂರಾ ಹದಿನೆಂಟು, ಹಿಮ್ಮಡಿಯ ಮುಲಾಮು ಹಾಯಾಗಿ ಕುಳಿತಿತ್ತು.

ಮಾವನ ಮುಖದಲ್ಲಿ ರಕ್ತವಿರಲಿಲ್ಲ. ನಾನು ಯಾರಾದರೂ ಸತ್ತರೇನೋ ಎಂದುಕೊಂಡೆ. ಮಸಿಬಾಟಲಿಯ ಕಥೆಯನ್ನೆಲ್ಲ ಅವರ ಬಾಯಿಂದ ಹೊರಡಿಸುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಕೇಳಿ ನನಗೆ ನಗು ತಡೆಯಲಾಗಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಅತ್ತೆ ನಗಲಿಲ್ಲ.

"ಹಾಗಾದ್ರೆ ಮುಲಾಮು ಸಿಗಲ್ವಾ ನಂಗೆ?" ಎಂದರು.

"ಸಿಗುತ್ತೆ. ಚೀಟಿ ಬೇಕು" ಎಂದರು ಮಾವ.

ನಾನು ಹಾಗೇ ಹೋಗಿ ತಂದುಕೊಡುತ್ತೇನೆಂದೆ. ಮಾವ ಒಪ್ಪಲಿಲ್ಲ. ಅಚ್ಚಾದ ಕ್ಷಣದಿಂದ ಕಾನೂನು ಕಾನೂನೇ, ತಪ್ಪು ತನ್ನದಾದರೆ ಇನ್ನೂ ಕಾನೂನೇ ಎಂದರು. ಮರುದಿನ ಬೆಳಿಗ್ಗೆ ಅತ್ತೆಯನ್ನು ಡಾಕ್ಟರ ಬಳಿ ಕರೆದುಕೊಂಡು ಹೊರಟರು. ಈ ತಮಾಷೆ ತಪ್ಪಿಸಿಕೊಳ್ಳಬಾರದೆಂದು ನಾನೂ ಬೆನ್ನುಹತ್ತಿದೆ.

ಡಾಕ್ಟರು ಅತ್ತೆಯ ಕಾಲನ್ನು ಬಗ್ಗಿ ನೋಡಿದರು. "ಮುಲಾಮು ಹಚ್ಕೊಳ್ಳಿ, ಅಷ್ಟೇ" ಎಂದರು.

"ಚೀಟಿ ಬರ್ಕೊಡಿ" ಎಂದರು ಮಾವ.

"ಇದಕ್ಕೆಲ್ಲ ಚೀಟಿ ಯಾಕೆ? ಸೋಪಿನ ಪಕ್ಕದಲ್ಲೇ ಇಟ್ಟಿರ್ತಾರೆ."

"ಇಡಬಾರದು. ಮೊನ್ನೆಯಿಂದ ಅಪರಾಧ ಅದು."

ಡಾಕ್ಟರು ಅತ್ತೆಯ ಮುಖ ನೋಡಿದರು. ಅತ್ತೆ ಬರೆದುಕೊಟ್ಟುಬಿಡಿ ಎಂಬಂತೆ ಕಣ್ಣಲ್ಲೇ ಸನ್ನೆ ಮಾಡಿದರು. ಬರೆಯುತ್ತಾ ಡಾಕ್ಟರು, "ಮತ್ತೆ, ಉಳಿದದ್ದೆಲ್ಲ ಹೇಗಿದೆ? ತಪ್ಪಿಸ್ತಿಲ್ಲ ತಾನೇ?" ಎಂದು ಕೇಳಿದರು. "ಎಲ್ಲಾ ಸರಿಯಾಗಿದೆ" ಎಂದು ಅತ್ತೆ ಬೇಗ ಹೇಳಿ ಚಪ್ಪಲಿ ಮೆಟ್ಟಿಕೊಂಡರು. ಮಾವ ಚೀಟಿಯಲ್ಲಿ ದಿನಾಂಕವಿದೆಯೇ ಎಂದು ನೋಡುತ್ತಿದ್ದರು.

ಔಷಧಿ ಅಂಗಡಿಯಾಕೆ ಚೀಟಿಯನ್ನು ಓದಿ ನಕ್ಕೇಬಿಟ್ಟಳು. ಹೊಸ ಪುಸ್ತಕ ಅವಳಿಗಿನ್ನೂ ತಲುಪಿರಲಿಲ್ಲ. "ಹಿಮ್ಮಡಿ ಮುಲಾಮಿಗೆ ಚೀಟಿ ತಂದಿದ್ದು ನೀವೇ ಮೊದಲು. ಯಾರು ಹೇಳಿದ್ದು ನಿಮ್ಗೆ?" ಎಂದಳು. "ಹೊಸ ಪುಸ್ತಕದಲ್ಲಿದೆ" ಎಂದರು ಮಾವ. ತಮ್ಮ ಬಗ್ಗೆ ಅವರು ಬಾಯಿ ಬಿಡಲಿಲ್ಲ, ಸುಳ್ಳೂ ಹೇಳಲಿಲ್ಲ.

ಮನೆಗೆ ಬಂದ ಮೇಲೆ ಅತ್ತೆ ಕಡ್ಡಿ ಮುರಿದಂತೆ ಹೇಳಿದರು. "ಯಾರೂ ನೋಡಿಲ್ಲ. ಹತ್ತು ದಿನ ಬಾಯಿ ಮುಚ್ಕೊಂಡಿದ್ರೆ ನಿಮ್ಮ ಪತ್ರ ನಿಮಗೆ ಬರುತ್ತೆ. ಆಮೇಲೆ ಯಾರೋ ಕಂಡುಹಿಡೀತಾರೆ, ಯಾರೋ ಸರಿಮಾಡ್ತಾರೆ." ನಾನೂ ಅದಕ್ಕೆ ದನಿಗೂಡಿಸಿದೆ. ಮಾವ ಮೊಳೆಯನ್ನು ನೋಡುತ್ತಾ ಕುಳಿತರು. ತಪ್ಪು ಒಪ್ಪಿಕೊಂಡರೆ ಸೇವಾ ಪುಸ್ತಕದಲ್ಲಿ ಟಿಪ್ಪಣಿ ಬೀಳುತ್ತದೆ, ಟಿಪ್ಪಣಿ ಬಿದ್ದರೆ ಪ್ರಮಾಣಪತ್ರವಿಲ್ಲ. ಮೂವತ್ತೊಂದು ವರ್ಷ ಅವರು ಬೇರೆ ಏನನ್ನೂ ಬಯಸಿದವರಲ್ಲ.

ಐದು ದಿನ ಮಾವ ಏನೂ ಮಾಡಲಿಲ್ಲ. ಆರನೆಯ ದಿನ ಕಚೇರಿಯಿಂದ ಬರುವಾಗ ಅದೇ ಔಷಧಿ ಅಂಗಡಿಯ ಮುಂದೆ ಹಾದರು. ಈಗ ಪುಸ್ತಕ ಬಂದಿತ್ತು. ಮುಲಾಮಿನ ಟ್ಯೂಬುಗಳು ಬೀಗದ ಕಪಾಟಿಗೆ ಹೋಗಿದ್ದವು. ನಮ್ಮ ಬೀದಿ ಗುಡಿಸುವ ಹೆಂಗಸು ಅಲ್ಲಿ ನಿಂತಿದ್ದಳು, ಅವಳ ಕಾಲು ಅತ್ತೆಯದಕ್ಕಿಂತ ಕಡೆಯಾಗಿತ್ತು.

"ಮೊನ್ನೆ ತಾನೇ ಕೊಟ್ರಲ್ಲಮ್ಮಾ" ಎನ್ನುತ್ತಿದ್ದಳು.

"ಈಗ ಕೊಡೋ ಹಾಗಿಲ್ಲ. ಏನೋ ಅಪಾಯ ಕಂಡುಹಿಡಿದಿರಬೇಕು. ಡಾಕ್ಟರ್ ಹತ್ರ ಬರೆಸ್ಕೊಂಡು ಬನ್ನಿ" ಎಂದಳು ಅಂಗಡಿಯಾಕೆ. ಮಾವನನ್ನು ಕಂಡು, "ನೀವು ಹೇಳಿದ್ದೇ ಸರಿ ಸಾರ್. ನಾನು ನಕ್ಕಿದ್ದಕ್ಕೆ ಬೇಜಾರು ಮಾಡ್ಕೋಬೇಡಿ" ಎಂದಳು.

ಬೀದಿ ಗುಡಿಸುವವಳು, "ಡಾಕ್ಟರ್ ಹತ್ರ ಹೋದ್ರೆ ಅರ್ಧ ದಿನದ ಕೆಲ್ಸ ಹೋಗುತ್ತೆ" ಎಂದು ಯಾರಿಗೂ ಅಲ್ಲದಂತೆ ಹೇಳಿ, ಕಾಲ ಅಂಚಿನ ಮೇಲೆ ನಡೆದುಕೊಂಡು ಹೋದಳು. ಅಂಗಡಿಯಾಕೆಯ ಹೊಗಳಿಕೆ ಮಾವನಿಗೆ ಬೈಗುಳಕ್ಕಿಂತ ಹೆಚ್ಚು ನಾಟಿತು. ಆ ರಾತ್ರಿ ಊಟ ಸೇರಲಿಲ್ಲ. ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನೇರವಾಗಿ ನಿರ್ದೇಶಕಿಯ ಕೋಣೆಗೆ ಹೋದರು.

ನಿರ್ದೇಶಕಿ ಒಳ್ಳೆಯ ಹೆಂಗಸು. ಪೂರ್ತಿ ಕೇಳಿ, ಬಾಗಿಲು ಮುಚ್ಚಿಸಿ, "ಇಷ್ಟೇನಾ? ಕಾರ್ಡು ಮೊದಲನೇ ಪೆಟ್ಟಿಗೆಗೆ ಹಾಕಿಬಿಡಿ. ಅಚ್ಚಿನ ದೋಷ ಅಂತ ಒಂದು ತಿದ್ದುಪಡಿ ಹಾಳೆ ಅಂಟಿಸೋಣ" ಎಂದರು.

"ಆಗಲ್ಲ ಮೇಡಂ. ಒಂಬತ್ತನೇ ನಿಯಮ. ಮೂರನೇ ಪೆಟ್ಟಿಗೆಗೆ ಹೋದ ಕಾರ್ಡು ಹೇಗೇ ಹೋಗಿರಲಿ, ಸಮಿತಿ ಆದೇಶ ಇಲ್ಲದೆ ಹೊರಗೆ ಬರೋ ಹಾಗಿಲ್ಲ."

"ಅಂಥ ನಿಯಮ ಬರೆದ ಪುಣ್ಯಾತ್ಮ ಯಾರು?"

"ನಾನೇ" ಎಂದರು ಮಾವ.

ನಿರ್ದೇಶಕಿ ತಲೆಯ ಮೇಲೆ ಕೈಹೊತ್ತು ಕುಳಿತರು. ಕೊನೆಗೆ ಸೇವಾ ಪುಸ್ತಕ ತರಿಸಿದರು. ವಿಭಾಗದಲ್ಲಿ ಚೆಂದದ ಅಕ್ಷರ ಮಾವನದೇ ಆದ್ದರಿಂದ ಅಂಥ ಟಿಪ್ಪಣಿಗಳನ್ನೆಲ್ಲ ಬರೆಯುವುದು ಅವರ ಕೆಲಸವಾಗಿತ್ತು. ಹೀಗಾಗಿ 'ಅಜಾಗರೂಕತೆಯಿಂದ ಕಾರ್ಡನ್ನು ಸ್ಥಳಾಂತರಿಸಿರುತ್ತಾರೆ' ಎಂಬ ಸಾಲನ್ನೂ ಮಾವನೇ ದುಂಡಗೆ ಬರೆದು, ಒಣಗಿಸಿ, ಸಹಿಗೆ ಮುಂದಿಟ್ಟರು. ನಿರ್ದೇಶಕಿಗೆ ಸಹಿ ಹಾಕಲು ಕೈ ಬರಲಿಲ್ಲವಂತೆ. ಮಾವನೇ ಎಲ್ಲಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದರಂತೆ.

ನಿವೃತ್ತಿಯ ದಿನ ಮಾವನಿಗೆ ಒಂದು ಗೋಡೆ ಗಡಿಯಾರ ಕೊಟ್ಟರು. ಅದನ್ನಾದರೂ ಆ ಮೊಳೆಗೆ ಹಾಕಬಹುದಿತ್ತು, ಅವರು ಹಾಕಲಿಲ್ಲ. ನಾಲ್ಕು ದಿನ ನೋಡಿ ಅತ್ತೆ ತಮ್ಮ ಅಳತೆಯ ಟೇಪನ್ನು ಅಲ್ಲಿ ನೇತುಹಾಕಿದರು.

ಸಮಿತಿ ಸೇರಲು ಏಳು ವಾರ ಹಿಡಿಯಿತು. ಅಲ್ಲಿಯವರೆಗೆ ಊರಿನ ಒಡೆದ ಹಿಮ್ಮಡಿಗಳೆಲ್ಲ ಡಾಕ್ಟರ ಮನೆ ಬಾಗಿಲಲ್ಲಿ ಸಾಲುಗಟ್ಟಿದವು. ಮಾವ ಡಾಕ್ಟರನ್ನು ಹಿಡಿದು, ಬೆಳಿಗ್ಗೆ ಕೆಲಸಕ್ಕೆ ಹೋಗುವವರಿಗೆ ತೊಂದರೆಯಾಗದಂತೆ ಅರ್ಧ ಗಂಟೆ ಮುಂಚೆ ಬರೀ ಹಿಮ್ಮಡಿ ನೋಡುವುದೆಂದು ಒಪ್ಪಿಸಿದರು. ಅವರ ಕಾಟ ತಪ್ಪಿದರೆ ಸಾಕೆಂದು ಡಾಕ್ಟರು ಒಪ್ಪಿದರು. ಕಾಟ ತಪ್ಪಲಿಲ್ಲ. ಮಾವ ದಿನವೂ ಹೋಗಿ ಬೆಂಚಿನ ಮೇಲೆ ಕುಳಿತು ಪ್ರತಿ ಚೀಟಿಯ ದಿನಾಂಕ ಪರೀಕ್ಷಿಸುತ್ತಿದ್ದರು. ಮೊದಲ ದಿನ ಮೊದಲ ಚೀಟಿ ಬೀದಿ ಗುಡಿಸುವವಳದು.

ಸಮಿತಿಯಲ್ಲಿ ಐವರು ಪರಿಣತರು. ಮೂರನೆಯ ಪಟ್ಟಿಯಿಂದ ಒಂದು ಔಷಧವನ್ನು ಕೆಳಗಿಳಿಸಬೇಕಾದರೆ ಅವರು ಕೆಲವು ಪ್ರಶ್ನೆಗಳಿಗೆ ಉತ್ತರ ಬರೆಯಲೇಬೇಕು. ಈ ಕಾಯಿಲೆಯನ್ನು ರೋಗಿ ತಾನೇ ಗುರುತಿಸಬಲ್ಲನೇ? ತಪ್ಪಾಗಿ ಬಳಸಿದರೆ ಏನಾಗುತ್ತದೆ? ಇದು ಚಟವಾಗಿ ಅಂಟಿಕೊಳ್ಳುತ್ತದೆಯೇ? ಹಿಮ್ಮಡಿಯ ಮುಲಾಮು ಚಟವಾಗುತ್ತದೆಯೇ ಎಂಬ ಬಗ್ಗೆ ಓದಿಕೊಂಡ ಐದು ಜನ ಒಂದು ಇಡೀ ಬೆಳಿಗ್ಗೆ ಚರ್ಚಿಸಿದರು. ಬಹುಕಾಲ ಬಳಸಿದವರ ಹೇಳಿಕೆ ಬೇಕಾಯಿತು. ಯಾರು ಸಿಗುತ್ತಾರೆಂದು ನಿರ್ದೇಶಕಿ ಯೋಚಿಸಿ ಅತ್ತೆಗೆ ಪತ್ರ ಕಳಿಸಿದರು. ಮಾವ ಈಗ ಹೊರಗಿನವರು, ಮೊಗಸಾಲೆಯ ಬೆಂಚಿನಲ್ಲಿ ನನ್ನ ಪಕ್ಕ ಕುಳಿತು ಬಾಗಿಲ ಸಂದಿಗೆ ಕಿವಿಯಾನಿಸಿದರು.

"ಈ ಮುಲಾಮಿನಿಂದ ನಿಮಗೆ ಏನಾದರೂ ತೊಂದರೆ ಆಗಿದೆಯಾ?" ಎಂದು ಅಧ್ಯಕ್ಷರು ಕೇಳಿದರು.

"ಒಂದ್ಸಲ ಹಚ್ಕೊಂಡು ಒದ್ದೆ ನೆಲದ ಮೇಲೆ ಕಾಲಿಟ್ಟು ಜಾರಿಬಿದ್ದೆ" ಎಂದರು ಅತ್ತೆ.

ಐವರೂ ಬರೆದುಕೊಳ್ಳುವ ಸದ್ದು ಹೊರಗೆ ಕೇಳಿಸಿತು. ಮಾವ ಹಣೆ ಹಿಡಿದುಕೊಂಡರು.

ಆದರೆ ಅಲ್ಲೊಬ್ಬ ವಯಸ್ಸಾದ ವೈದ್ಯೆ ಇದ್ದರು. ಅವರು ನಗದೆ ಒಂದು ಮಾತು ಹೇಳಿದರು. ಸಕ್ಕರೆ ಕಾಯಿಲೆಯಿರುವವರಿಗೆ ಕಾಲಿನ ಸ್ಪರ್ಶ ಹೋಗಿರುತ್ತದೆ, ಬಿರುಕು ಹುಣ್ಣಾದರೂ ಗೊತ್ತಾಗುವುದಿಲ್ಲ, ಸುಮ್ಮನೆ ಮುಲಾಮು ಹಚ್ಚುತ್ತಾ ಇದ್ದುಬಿಡುತ್ತಾರೆ. ಚೀಟಿ ಬೇಡ ನಿಜ, ಆದರೆ ಕೊಡುವ ಮುಂಚೆ ಯಾರಾದರೊಬ್ಬರು ಕೇಳಲಿ. ಉಳಿದವರು ಒಪ್ಪಿದರು. ಹಿಮ್ಮಡಿಯ ಮುಲಾಮು ಮೂರನೆಯದರಿಂದ ಇಳಿಯಿತು, ಮೊದಲನೆಯದಕ್ಕೆ ಮರಳಲಿಲ್ಲ, ಎರಡನೆಯ ಪಟ್ಟಿಯಲ್ಲಿ ನಿಂತಿತು. ಒಂದು ಕಾರ್ಡು ಅಂಗಾತ ಬಿದ್ದದ್ದರಿಂದ ದೇಶದ ಕಾನೂನು ಬದಲಾಯಿತು. ಮಾವನ ಸೇವಾ ಪುಸ್ತಕದ ಟಿಪ್ಪಣಿ ಮಾತ್ರ ಬದಲಾಗಲಿಲ್ಲ.

ಅದರ ಮುಂದಿನ ತಿಂಗಳು ಟ್ಯೂಬು ಮುಗಿಯಿತು. ಮಾವ ಅಂಗಡಿಗೆ ಹೋಗಿ, "ಎರಡನೇ ಪಟ್ಟಿ, ಮುನ್ನೂರಾ ಆರು" ಎಂದು ಹುರುಪಿನಿಂದ ಕೇಳಿದರು. ಅಂಗಡಿಯಾಕೆ ಟ್ಯೂಬನ್ನು ಕೈಯಲ್ಲೇ ಹಿಡಿದುಕೊಂಡು ಪ್ರಶ್ನೆ ಶುರುಮಾಡಿದಳು.

"ಯಾರಿಗೆ ಸಾರ್?"

"ನನ್ನ ಹೆಂಡತಿಗೆ."

"ಎಷ್ಟು ದಿನದಿಂದ ಇದೆ ಅವರಿಗೆ?"

ಮಾವ ಬಾಯಿ ತೆರೆದರು. ಸಾವಿರದ ನಾನೂರು ಔಷಧಗಳ ನಂಬರು ಬಲ್ಲ ತಲೆ ಬೆಪ್ಪಾಗಿ ನಿಂತಿತು. ಅಂಗಡಿಯಾಕೆ ಕಾದು, "ಹೋಗ್ಲಿ, ಜೊತೆಗೆ ಬೇರೆ ಏನಾದ್ರೂ ಔಷಧಿ ತಗೊಳ್ತಿದಾರಾ?" ಎಂದಳು. ಅದೂ ಗೊತ್ತಿರಲಿಲ್ಲ. ಪರಿಚಯದವರು, ಪರವಾಗಿಲ್ಲವೆಂದು ಅವಳು ಟ್ಯೂಬು ಮುಂದೆ ಚಾಚಿದಳು. ಮಾವ ಅದನ್ನು ಮುಟ್ಟಲಿಲ್ಲ. ಆ ಮೂರು ಪ್ರಶ್ನೆಗಳ ಶುದ್ಧಪ್ರತಿ ಮಾಡಿದವರೇ ಅವರು, ಉತ್ತರವಿಲ್ಲದೆ ಹೇಗೆ ತೆಗೆದುಕೊಂಡಾರು?

ಅವರು ಬರಿಗೈಯಲ್ಲಿ ಮನೆಗೆ ಬಂದಾಗ ನಾನು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದೆ. ಅತ್ತೆ ಆಗಷ್ಟೇ ಕೆಲಸದಿಂದ ಬಂದು ಬಕೆಟ್ಟಿನಲ್ಲಿ ಕಾಲಿಟ್ಟು ಕುಳಿತಿದ್ದರು. ಮಾವ ಜೇಬಿನಿಂದ ಖಾಲಿ ಕಾರ್ಡೊಂದನ್ನು ತೆಗೆದರು. ಅದು ಕಚೇರಿಯದಲ್ಲ, ದಾರಿಯಲ್ಲಿ ಕಾಗದದ ಅಂಗಡಿಯಲ್ಲಿ ಕೊಂಡದ್ದು. ಅತ್ತೆಯ ಎದುರಿಗೆ ನಿಂತುಕೊಂಡರು.

"ನಿನ್ನ ಹಿಮ್ಮಡಿ ಎಷ್ಟು ದಿನದಿಂದ ಹೀಗಿದೆ?" ಎಂದು ಕೇಳಿದರು.

ಅತ್ತೆ ತಲೆಯೆತ್ತಿದರು. "ಹತ್ತೊಂಬತ್ತು ವರ್ಷದಿಂದ."

ಮಾವ ಬರೆದುಕೊಂಡರು. "ಬೇರೆ ಔಷಧಿ ಏನಾದ್ರೂ ತಗೊಳ್ತಿದೀಯಾ?"

ಅತ್ತೆ ನನ್ನ ಕಡೆ ತಿರುಗಿ, "ಆ ಸಕ್ಕರೆ ಡಬ್ಬಿ ಹಿಂದೆ ಇರೋದನ್ನ ಕೊಡು" ಎಂದರು. ಡಬ್ಬಿಯ ಹಿಂದೆ ಕೈಹಾಕಿದೆ. ರಕ್ತದೊತ್ತಡದ ಮಾತ್ರೆ, ಅರ್ಧ ಖಾಲಿಯಾದ ಹಾಳೆ, ಜೊತೆಗೆ ನಾಲ್ಕಾಗಿ ಮಡಚಿದ ಡಾಕ್ಟರ ಚೀಟಿ. ಮಾವ ಹಾಳೆಯನ್ನು ತಿರುಗಿಸಿ ಹೆಸರು ಓದಿದರು.

"ಮೂರನೇ ಪಟ್ಟಿ, ನಲವತ್ತೊಂದು" ಎಂದರು, ಅಭ್ಯಾಸಬಲದಿಂದ.

"ನೋಡಿ, ಇದಕ್ಕೇ ಹೇಳ್ಲಿಲ್ಲ" ಎಂದರು ಅತ್ತೆ. "ನಾಲ್ಕು ವರ್ಷ ಆಯ್ತು. ಹೇಳಿದ್ರೆ ನಂಬರ್ ಹೇಳ್ತೀರಿ ಅಂತ ಗೊತ್ತಿತ್ತು."

ಮಾವ ಚೀಟಿ ಬಿಡಿಸಿದರು. ದಿನಾಂಕವಿತ್ತೋ ಇಲ್ಲವೋ, ಅವರು ಅದನ್ನು ನೋಡಲಿಲ್ಲ, ಅತ್ತೆಯ ಹೆಸರನ್ನು ನೋಡುತ್ತಿದ್ದರು. ಅವರ ಕಣ್ಣು ತುಂಬಿತ್ತು. ಇಷ್ಟು ವರ್ಷ ಅವರ ಸಕ್ಕರೆಯ ಪ್ರಶ್ನೆಗಳಿಗೆ ಬೈದುಕೊಂಡಿದ್ದ ನಾನು, ಎರಡು ಬೀದಿ ಆಚೆಯಿಂದ ವಾರಕ್ಕೆರಡು ಸಲ ಬಂದು ಹೋಗುವವಳು, ನಾನೂ ಅತ್ತೆಯನ್ನು ಒಮ್ಮೆಯೂ ಕೇಳಿರಲಿಲ್ಲ. ನಾಚಿಕೆಯಾಯಿತು, ತರಕಾರಿಯ ಕಡೆ ತಿರುಗಿದೆ.

ಮಾವ ಮೂಗು ಒರೆಸಿಕೊಂಡು, ಕಾರ್ಡಿನಲ್ಲಿ ಮಾತ್ರೆಯ ಹೆಸರನ್ನು ನಂಬರಿಲ್ಲದೆ ಬರೆದರು. "ಮತ್ತೇನಾದ್ರೂ ಇದೆಯಾ?" ಎಂದು ಕೇಳಿದರು.

"ಕೂತ್ಕೊಳ್ಳಿ" ಎಂದರು ಅತ್ತೆ. "ಪಟ್ಟಿ ಉದ್ದ ಇದೆ."

ಮಾವ ಮಣೆ ಎಳೆದುಕೊಂಡು ಬಕೆಟ್ಟಿನ ಪಕ್ಕ ಕುಳಿತು, ಜೇಬಿನಿಂದ ಇನ್ನೊಂದು ಕಾರ್ಡು ತೆಗೆದರು.